ಪಾಯಿಂಟು ಮೊದಲು, ಡೆಲ್ಕೋ ಆಮೇಲೆ

ನಮ್ಮ ಮನೆಯ ಪದ್ಮಿನಿ ಕಾರು ಅಪ್ಪನ ಕಾಲದ್ದು. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಎರಡು ವರ್ಷದಿಂದ ಅದರ ಪಿಕಪ್ ಇಳಿಯುತ್ತಲೇ ಇತ್ತು. ಪ್ರತಿ ಸಲವೂ ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ (ಬಳ್ಳಾರಿಯ ನಮ್ಮ ಕಾರು ಮೇಸ್ತ್ರಿ ಬಾಯಲ್ಲಿ ಡೆಲ್ಕೋ) ಸಡಿಲಿಸಿ ಒಂದಿಷ್ಟು ತಿರುಗಿಸುತ್ತಿದ್ದೆ. ಐಡ್ಲಿಂಗ್ ಏರಿದ ಕೂಡಲೇ ಬಿಗಿ ಮಾಡಿ, ಟೈಮಿಂಗ್ (ಕಿಡಿ ಹಾರುವ ಹೊತ್ತು) ಸರಿಯಾಯಿತೆಂದು ಕೈ ಒರೆಸಿಕೊಳ್ಳುತ್ತಿದ್ದೆ.

ಕಳೆದ ಏಪ್ರಿಲ್‌ನಲ್ಲಿ ಪಾಯಿಂಟು, ಅಂದರೆ ಡೆಲ್ಕೋ ಒಳಗೆ ತೆರೆದು ಮುಚ್ಚುತ್ತಾ ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚು, ಸುಟ್ಟಿತ್ತು. ಹೊಸದು ಹಾಕಿ, ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ತಗಡು) ಗ್ಯಾಪ್ ಇಟ್ಟೆ. ಡೆಲ್ಕೋ ತಿರುಗಿಸಲೇ ಇಲ್ಲ, ಇನ್ನು ಟೈಮಿಂಗ್ ಕೆಡುವುದು ಹೇಗೆ ಎಂಬ ಲೆಕ್ಕ ನನ್ನದು. ಸಂಡೂರಿನ ಕುಮಾರಸ್ವಾಮಿ ಬೆಟ್ಟ ಹತ್ತುವಾಗ ಡಬ್ಬಿಯಲ್ಲಿ ಕಡಲೆಕಾಳು ಅಲುಗಿಸಿದಂತೆ ಸದ್ದು. ಹಿಂದೆ ಕೂತಿದ್ದ ಅವ್ವ, "ಏನೋ ಕಟಕಟ ಅಂತೈತಲ್ಲೋ" ಅಂದಳು. ನಿಲ್ಲಿಸಿ ಮತ್ತೆ ಸೆಲ್ಫ್ ಹೊಡೆದರೆ ಎಂಜಿನ್ ಹಿಂದಕ್ಕೆ ಒದೆಯಿತು.

ಫೋನಿನಲ್ಲಿ ಮೇಸ್ತ್ರಿ ನಕ್ಕ. "ಪಾಯಿಂಟ್ ಹೊಸಾದು, ಟೈಮಿಂಗ್ ಹಳೇದು. ಹಂಗ ನಡಿಯಂಗಿಲ್ರಿ."

ಆಗಿದ್ದು ಇಷ್ಟು. ಪಾಯಿಂಟಿನ ಫೈಬರ್ ತುಂಡು, ಅದನ್ನು ತಳ್ಳಿ ತೆರೆಸುವ ಡೆಲ್ಕೋ ಒಳಗಿನ ಕ್ಯಾಮಿಗೆ ಉಜ್ಜಿ ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟು ತಡವಾಗಿ ತೆರೆಯುತ್ತದೆ, ಕಿಡಿಯೂ ತಡ. ಆ ತಡವನ್ನು ನಾನು ಡೆಲ್ಕೋ ತಿರುಗಿಸಿ ಮುಚ್ಚುತ್ತಾ ಬಂದಿದ್ದೆ. ಹೊಸ ಪಾಯಿಂಟು ತನ್ನ ಹೊತ್ತಿಗೆ ತೆರೆದಾಗ ನಾನು ಸೇರಿಸಿದ್ದೆಲ್ಲ ಹೆಚ್ಚುವರಿಯಾಗಿ ಉಳಿದು ಕಿಡಿ ತೀರಾ ಬೇಗ ಹಾರತೊಡಗಿತು, ಆ ಕಟಕಟ ಅದರದ್ದೇ. ಕಿವಿಯನ್ನು ನಂಬಿದ್ದೂ ತಪ್ಪೇ. ಭಾರವಿಲ್ಲದೆ ನಿಂತ ಎಂಜಿನ್ನಿಗೆ ಅಡ್ವಾನ್ಸ್ (ಬೇಗ ಹಾರುವ ಕಿಡಿ) ಕೊಟ್ಟಷ್ಟೂ ಹಿತ, ಏರಿನಲ್ಲಿ ಅದೇ ಏಟು.

ಮರುದಿನ ಬಿಸಿಲೇರುವ ಮೊದಲೇ ಬಾನೆಟ್ ಎತ್ತಿದೆ. ಪ್ಲಗ್‌ಗಳನ್ನು ಬಿಚ್ಚಿ, ನಾಲ್ಕನೇ ಗೇರಿಗೆ ಹಾಕಿ, ತಮ್ಮನಿಂದ ಕಾರನ್ನು ಮೆಲ್ಲಗೆ ಮುಂದಕ್ಕೆ ತಳ್ಳಿಸಿದೆ. ಒಂದನೇ ಸಿಲಿಂಡರಿನ ತೂತಿಗೆ ಹೆಬ್ಬೆರಳು ಒತ್ತಿದ್ದೆ. ಗಾಳಿ ಬೆರಳನ್ನು ತಳ್ಳಿದರೆ ಅದು ಕಂಪ್ರೆಷನ್. ಇದನ್ನು ನೋಡದೆ ಪುಲ್ಲಿಯ ಗುರುತೊಂದನ್ನೇ ನಂಬಿದರೆ ಎಕ್ಸಾಸ್ಟ್ ಸ್ಟ್ರೋಕಿನಲ್ಲಿ ಸಿಕ್ಕಿಬೀಳುತ್ತೀರಿ, ಯಾಕೆಂದರೆ ಡೆಲ್ಕೋ ಒಂದು ಸುತ್ತು ಹಾಕುವಷ್ಟರಲ್ಲಿ ಪುಲ್ಲಿ ಎರಡು ಸುತ್ತು ಹಾಕಿರುತ್ತದೆ. ಪುಲ್ಲಿಯ ಗೀಟು ಅಡ್ವಾನ್ಸ್ ಗುರುತಿಗೆ ಬಂದಾಗ ನಿಲ್ಲಿಸಿದೆವು. ತಮ್ಮ ಒಮ್ಮೆ ದಾಟಿಸಿಬಿಟ್ಟ. ಬಹಳ ಹಿಂದಕ್ಕೆ ಒಯ್ದು ಮತ್ತೆ ಮುಂದಕ್ಕೇ ತಂದೆವು, ಇಲ್ಲದಿದ್ದರೆ ಚೈನಿನ ಸಡಿಲು ಲೆಕ್ಕ ಕೆಡಿಸುತ್ತದೆ.

12 ವೋಲ್ಟ್ ಬಲ್ಬಿನ ಒಂದು ವೈರು ಡೆಲ್ಕೋದ ಪಕ್ಕದ ಟರ್ಮಿನಲ್‌ಗೆ, ಅಲ್ಲಿರುವ ಕಾಯಿಲ್ (ಕಿಡಿಗೆ ಹೆಚ್ಚು ವೋಲ್ಟೇಜ್ ಕೊಡುವ ಸುರುಳಿ) ವೈರು ಬಿಚ್ಚದೆಯೇ. ಇನ್ನೊಂದು ಕಾರಿನ ಲೋಹದ ಮೈಗೆ. ಇಗ್ನಿಷನ್ ಆನ್. ಡೆಲ್ಕೋ ಒಳಗೆ ಸುತ್ತುವ ರೋಟರನ್ನು ಬೆರಳಿನಿಂದ ತಿರುವಿದರೆ ಒಂದೇ ಕಡೆ ಸ್ಪ್ರಿಂಗಿನಂತೆ ಜಗ್ಗುತ್ತದೆ, ಅದು ತಿರುಗುವ ದಿಕ್ಕು ಅದೇ. ಡೆಲ್ಕೋದ ಮೈಯನ್ನು ಮೊದಲು ಆ ದಿಕ್ಕಿಗೆ, ಬಲ್ಬು ಆರುವವರೆಗೆ ತಿರುಗಿಸಿದೆ. ಆಮೇಲೆ ಎದುರು ದಿಕ್ಕಿಗೆ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ. ಬಲ್ಬು ಹತ್ತಿದ ಕ್ಷಣವೇ ಪಾಯಿಂಟು ತೆರೆದ ಕ್ಷಣ. ಅಲ್ಲೇ ಬಿಗಿ ಮಾಡಿ, ಇಗ್ನಿಷನ್ ಆಫ್ ಮಾಡಿದೆ. ಪಾಯಿಂಟು ಮುಚ್ಚಿದ್ದು ಇಗ್ನಿಷನ್ ಆನ್ ಆಗಿಯೇ ಉಳಿದರೆ ಕಾಯಿಲ್ ಕಾದು ಹಾಳಾಗಬಹುದು.

ಅದೇ ಏರಿನಲ್ಲಿ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಕ್ಷಣಮಾತ್ರ ಸಣ್ಣ ಸದ್ದು ಬಂದು ಹೋಯಿತು, ಅಷ್ಟೇ. ಟೈಮಿಂಗ್ ಸರಿ ಕೂತಿದೆ ಎಂದರ್ಥ.

ಹಳೆಯ ಫೈಬರ್ ಅಷ್ಟು ಬೇಗ ಸವೆಯಲು ಕಾರಣ ಕ್ಯಾಮ್ ಒಣಗಿದ್ದದ್ದು. ಈ ಸಲ ಕಡ್ಡಿಪೆಟ್ಟಿಗೆಯ ಕಡ್ಡಿಯ ತಲೆಯಷ್ಟು ಗ್ರೀಸ್ ಹಚ್ಚಿದ್ದೇನೆ. ಹೆಚ್ಚಾದರೆ ಪಾಯಿಂಟಿಗೆ ಸಿಡಿದು ಮಿಸ್ಸಿಂಗ್ (ಕಿಡಿ ತಪ್ಪುವುದು) ಶುರುವಾಗುತ್ತದೆ.