ಗುಂಡನನ್ನು ತರುವ ಮೊದಲು ಮೂರು ಸಲ ಹೋಗಿ ನೋಡಿದೆ

"ಪಮೇರಿಯನ್ ಕ್ರಾಸ್ ಅಕ್ಕಾರ, ಭಾಳ ಶಾಂತ ಐತಿ" ಅಂತ ಗುಂಡ ಅನ್ನೋ ನಾಯಿಯನ್ನು ಕೊಡೋ ಮನೆಯವರು ಫೋನಿನಲ್ಲಿ ಹೇಳಿದರು. ಕ್ರಾಸ್, ಅಂದರೆ ಮಿಶ್ರತಳಿ, ಅನ್ನೋದನ್ನ ನಂಬಿದೆ. ನಮ್ಮ ರಾಯಚೂರಿನಲ್ಲಿ ಕೂದಲು ಉದ್ದ ಇರೋ ಸಣ್ಣ ನಾಯಿ ಎಲ್ಲವೂ ಪಮೇರಿಯನ್ನೇ, ಅದಿರಲಿ. ಆದರೆ 'ಶಾಂತ' ಅನ್ನೋ ಮಾತಿಗೆ ನಾನು ಹಿಂದೆ ಒಮ್ಮೆ ಮೋಸ ಹೋಗಿದ್ದೆ.

ಆಗ ತಂದ ನಾಯಿ ಮೂಲೆಯಲ್ಲಿ ಸುಮ್ನೆ ಕೂತಿತ್ತು, ಎಷ್ಟು ಒಳ್ಳೇದಿದೆ ಅಂತ ಮೆಚ್ಚಿ ತಂದೆ. ನಾಲ್ಕನೇ ದಿನ ಡಾಕ್ಟರು ಅದರ ಕಿವಿ ಮಡಚಿ ತೋರಿಸಿದರು. ಒಳಗೆ ಬರೀ ರಕ್ತ ಹೀರೋ ಉಣ್ಣೆ ಹುಳ! ಪಾಪ, ಜ್ವರದಲ್ಲಿ ಸೋತು ಕೂತಿತ್ತು. ಅದಕ್ಕೇ ಈಗ ಮೊದಲು ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿ ಕೆಳಗೆ ನೋಡುತ್ತೇನೆ. ಮುಟ್ಟಿಸಿಕೊಳ್ಳುವ ನಾಯಿಯಾದರೆ ವಸಡನ್ನು ಹೆಬ್ಬೆರಳಿಂದ ಒತ್ತಿ ಬಿಡಿ. ಬಿಳಿಚಿದ ಜಾಗ ಎರಡು ಸೆಕೆಂಡಿನಲ್ಲಿ ಮತ್ತೆ ಗುಲಾಬಿ ಆಗಬೇಕು.

ಗುಂಡನ ಮನೆಗೆ ಮೊದಲ ಸಲ ಬೆಳಿಗ್ಗೆ ಹೋದೆ. ಅವನನ್ನು ಕರೆಯಲೇ ಇಲ್ಲ. ನೆಲದ ಮೇಲೆ ಕೂತು ಮನೆಯವರ ಜೊತೆ ಮಾತಾಡಿದೆ. ಹೊಸ ನಾಯಿಯ ತಲೆ ಮೇಲೆ ಬಗ್ಗಿ ಕೈ ಚಾಚಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಹತ್ತು ನಿಮಿಷಕ್ಕೆ ಅವನೇ ಬಂದು ನನ್ನ ಚಪ್ಪಲಿ ಮೂಸಿದ, ಆಮೇಲೆ ಕೈ.

ಎರಡನೇ ಸಲ ಬೇಕಂತಲೇ ಮಧ್ಯಾಹ್ನ ಹೋದೆ. ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ಮಾಮೂಲು. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರು ಬರೋದಿಲ್ಲ, ನಾಲಿಗೆ ಚಾಚಿ ಉಸಿರಾಡಿಯೇ ಮೈ ತಣ್ಣಗೆ ಮಾಡ್ಕೋಬೇಕು. ಶಿಟ್ಜು ಥರ ಮೂಗು ಚಪ್ಪಟೆ ಇರೋ ಕ್ರಾಸ್ ಆದರೆ ಅದೂ ಕಷ್ಟ. ಕೂತಲ್ಲೇ ಗೊರಗೊರ ಅಂದರೆ, ನಿಮ್ಮ ಮನೆ ತಗಡಿನದಾದರೆ, ದಯವಿಟ್ಟು ಬೇಡ.

ಮೂರನೇ ಸಲ ಸಂಜೆ, ಅಡುಗೆ ಹೊತ್ತಿಗೆ. ಕುಕ್ಕರ್ ಸೀಟಿ ಹೊಡೆಯಿತು. ಗುಂಡ ಮಂಚದ ಕೆಳಗೆ ಓಡಿದ. ಅಜ್ಜಿ ರೊಟ್ಟಿ ಬಡಿಯೋಕೆ ಶುರು ಮಾಡಿದರು, ನಾಲ್ಕು ಬಡಿತಕ್ಕೇ ಹೊರಗೆ ಬಂದು ಅವರ ಪಕ್ಕ ಕೂತ. ಆ ಮನೆಯಲ್ಲಿ ಅವನು ಯಾರ ನಾಯಿ ಅಂತ ಗೊತ್ತಾಯಿತು. ಆಮೇಲಿನ ಪ್ರಶ್ನೆಗಳೆಲ್ಲ ಅಜ್ಜಿಗೇ. 'ಕಚ್ಚುತ್ತಾ?' ಅಂತ ಕೇಳಿದರೆ ಯಾರಾದರೂ ಇಲ್ಲ ಅಂತಾರೆ. 'ತಿನ್ನುವಾಗ ಮಕ್ಕಳು ಹತ್ರ ಹೋದರೆ ಏನು ಮಾಡ್ತಾನೆ?' ಅಂತ ಕೇಳಿ. "ಗುರ್ ಅಂತಾನವ್ವ, ಅದಕ್ಕ ನಾ ಬ್ಯಾರೆ ಕಡೆ ಹಾಕ್ತೀನಿ" ಅಂದರು. ಮೊಮ್ಮಗ ಫೋನಿನಲ್ಲಿ ಇದನ್ನ ಹೇಳಿರಲಿಲ್ಲ, ನೋಡಿ.

ಒಂದು ಸಲ ಗಲ್ಲಿಯಲ್ಲಿ ಓಡಿಸಿ ನೋಡಿ. ಹಿಂಗಾಲು ಎತ್ತಿ ಎರಡು ಹೆಜ್ಜೆ ಕುಂಟಿ ಮತ್ತೆ ಸರಿಯಾದರೆ ಮೊಣಕಾಲ ಚಿಪ್ಪು ಜಾರುತ್ತಿರಬಹುದು, ಸಣ್ಣ ನಾಯಿಗಳಿಗೆ ಇದು ಜಾಸ್ತಿ. ಲಸಿಕೆ ಕಾರ್ಡಿನಲ್ಲಿ ಪಾರ್ವೊ (ವಾಂತಿ-ಭೇದಿ ತರೋ ವೈರಸ್ ಕಾಯಿಲೆ) ಮತ್ತು ರೇಬೀಸ್ ಚುಚ್ಚುಮದ್ದಿನ ತಾರೀಖು ಇರಬೇಕು. 'ಹಾಕ್ಸಿದೀವಿ' ಅನ್ನೋ ಮಾತು ಸಾಲದು.

ತರುವಾಗ ಅವನು ಮಲಗೋ ಗೋಣಿಚೀಲವನ್ನೂ ಕೇಳಿ ತನ್ನಿ, ತೊಳೀಬೇಡಿ, ಹಳೇ ಮನೆಯ ವಾಸನೆ ಹೋಗುತ್ತೆ. ನಾನು ಸರ್ಫ್ ಹಾಕಿ ತೊಳೆದುಬಿಟ್ಟೆ. ಎರಡು ರಾತ್ರಿ ಗುಂಡ ಬಾಗಿಲ ಹತ್ರವೇ ಕೂತಿದ್ದ.