ದಾವಣಗೆರೆಯ ಮನೆಲೆಕ್ಕ ಮತ್ತು ಹೊರದೇಶಗಳ ಉಳಿತಾಯ: ಹೋಲಿಸಿ ನೋಡಿದ ನನ್ನ ಅನುಭವ

ಯಾವ ದೇಶದ ಕುಟುಂಬಗಳು ಎಷ್ಟು ಉಳಿಸುತ್ತವೆ ಎಂಬ ಪಟ್ಟಿಗಳು ಸುಲಭವಾಗಿ ಸಿಗುತ್ತವೆ. ಆ ಪಟ್ಟಿಯ ಅಂಕಿಗಳೆಲ್ಲ ಒಂದೇ ಸಂಗತಿಯನ್ನು ಅಳೆದಿವೆಯೇ ಎಂಬುದು ಮಾತ್ರ ಅಲ್ಲಿ ತಿಳಿಯುವುದಿಲ್ಲ. ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ನಾನು ಅಂತಿಮ ವರ್ಷದ ವಿದ್ಯಾರ್ಥಿಗಳೊಂದಿಗೆ ಈ ಹೋಲಿಕೆಯನ್ನು ಬುಡದಿಂದ ಮಾಡಿ ನೋಡಲು ಹೊರಟಾಗ, ಪ್ರತಿಯೊಂದು ಶೇಕಡಾವಾರಿನ ಕೆಳಗಿರುವ ಛೇದ ಯಾವುದು ಎಂದು ಬರೆದಿಟ್ಟುಕೊಳ್ಳುವುದನ್ನೇ ಮೊದಲ ಕೆಲಸವಾಗಿ ಮಾಡಿಸಿದೆ.

ನಮ್ಮ ದೇಶದ ಕುಟುಂಬ ಉಳಿತಾಯವನ್ನು ಸಾಮಾನ್ಯವಾಗಿ ಜಿಡಿಪಿಯ ಶೇಕಡಾವಾರಿನಲ್ಲಿ ಹೇಳುತ್ತಾರೆ. ಅಮೆರಿಕದವರು ತೆರಿಗೆ ಕಟ್ಟಿದ ಮೇಲೆ ಜನರ ಕೈಯಲ್ಲಿ ಉಳಿಯುವ ಆದಾಯದ ಶೇಕಡಾವಾರಿನಲ್ಲಿ ಹೇಳುತ್ತಾರೆ. ಜರ್ಮನಿಗಂತೂ ಎರಡು ಅಂಕಿಗಳಿವೆ: ಮನೆ ಮುಂತಾದ ಆಸ್ತಿಗಳ ಸವಕಳಿಯನ್ನು ಕಳೆಯದೆ ಲೆಕ್ಕ ಹಾಕಿದರೆ ಇತ್ತೀಚಿನ ವರ್ಷಗಳಲ್ಲಿ ಸುಮಾರು ಶೇ 20, ಕಳೆದರೆ ಸುಮಾರು ಶೇ 11. ಭಾರತದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ 2020-21ರಲ್ಲಿ ಜಿಡಿಪಿಯ ಶೇ 11ಕ್ಕಿಂತ ಹೆಚ್ಚಿದ್ದದ್ದು 2022-23ರ ವೇಳೆಗೆ ಶೇ 5ರ ಆಸುಪಾಸಿಗೆ ಇಳಿದಾಗ, ಜನ ಉಳಿಸುವುದನ್ನೇ ಬಿಟ್ಟರು ಎಂಬ ಮಾತು ಎಲ್ಲೆಡೆ ಕೇಳಿಬಂತು. ಆದರೆ ಆ ಅಂಕಿಯಲ್ಲಿ ಹೊಸ ಸಾಲವನ್ನು ಕಳೆದಿರುತ್ತಾರೆ, ಮನೆ ಕಟ್ಟಿದ್ದನ್ನು ಸೇರಿಸಿರುವುದಿಲ್ಲ. ಬ್ಯಾಂಕ್ ಸಾಲ ಪಡೆದು ಮನೆ ಕಟ್ಟಿಸಿದ ಕುಟುಂಬ ಒಂದು ಕಡೆ ಕಡಿಮೆ ಉಳಿಸಿದಂತೆಯೂ, ಭೌತಿಕ ಆಸ್ತಿಯ ಲೆಕ್ಕದಲ್ಲಿ ಹೆಚ್ಚು ಉಳಿಸಿದಂತೆಯೂ ಕಾಣುತ್ತದೆ. ಚಿನ್ನದ ವಿಷಯವೂ ಹೀಗೆಯೇ: ಒಡವೆ ಕೊಂಡದ್ದನ್ನು ನಮ್ಮ ರಾಷ್ಟ್ರೀಯ ಲೆಕ್ಕದಲ್ಲಿ ಉಳಿತಾಯದ ಭಾಗವಾಗಿ ಸೇರಿಸುತ್ತಾರೆ, ಅಮೆರಿಕದಲ್ಲಿ ಅದು ಬಳಕೆಯ ಖರ್ಚು.

ಇಷ್ಟನ್ನು ಕರಿಹಲಗೆಯ ಮೇಲೆ ಹೇಳಿ ಮುಗಿಸಬಹುದಿತ್ತು. ಆದರೆ ಅಂಕಿಯ ಹಿಂದೆ ಮನೆಗಳು ಹೇಗೆ ನಡೆಯುತ್ತವೆ ಎಂಬುದನ್ನು ನೋಡದೆ ಹೋಲಿಕೆಗೆ ಅರ್ಥವಿಲ್ಲವೆಂದು ನನಗೆ ಅನ್ನಿಸಿದ್ದರಿಂದ, ಊರಿನ ಮಂಡಕ್ಕಿ ಭಟ್ಟಿಗಳ ಕಡೆಯ ಮನೆಗಳಿಗೂ ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಗಳಿಗೂ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದೆ. ತಿಂಗಳಿಗೆ ಎಷ್ಟು ಉಳಿಸುತ್ತೀರಿ ಎಂಬ ಪ್ರಶ್ನೆಯನ್ನು ನಾವು ಕೇಳಲಿಲ್ಲ, ಏಕೆಂದರೆ ಅಡಿಕೆ ಮಾರುವವರಿಗೆ ಹಣ ಬರುವುದು ಕೊಯ್ಲಿನ ನಂತರ, ಭಟ್ಟಿಯವರಿಗೆ ಮಳೆಗಾಲದಲ್ಲಿ ಭತ್ತ ಒಣಗದೆ ದುಡಿಮೆ ಕುಂದುತ್ತದೆ. ಯುಗಾದಿಯಿಂದ ಯುಗಾದಿಗೆ ಒಂದು ವರ್ಷವೆಂದು ಹಿಡಿದು, ತಿಂದು ಉಟ್ಟು ಮುಗಿಯದ ಹಣ ಎಲ್ಲಿಗೆ ಹೋಯಿತು ಎಂದು ಕೇಳಿದೆವು. ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬ ಮಹಿಳೆ "ಉಳಿಸಾಕೆ ಎಲ್ಲೈತ್ರಿ ಮೇಡಂ, ಬಂದದ್ದು ಬಂದಂಗೆ ಹೋಗ್ತೈತ್ರಿ" ಎಂದರು. ಅವರ ಮನೆಯ ಹಣ ಸ್ತ್ರೀಶಕ್ತಿ ಸಂಘಕ್ಕೆ ವಾರದ ಕಂತಾಗಿ, ಚೀಟಿಗೆ ತಿಂಗಳ ಕಂತಾಗಿ ಹೋಗುತ್ತಿದೆಯೆಂಬುದು ಮಾತು ಮುಂದುವರಿದ ಹಾಗೆ ತಿಳಿಯಿತು. ಅವರ ದೃಷ್ಟಿಯಲ್ಲಿ ಅವು ಕಟ್ಟಲೇಬೇಕಾದ ಬಾಕಿಗಳು.

ಚೀಟಿಯನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದರ ಮೇಲೆ ತರಗತಿಯಲ್ಲಿ ಬಹಳ ಚರ್ಚೆಯಾಯಿತು. ಎತ್ತುವ ತನಕ ಸದಸ್ಯರು ಉಳಿತಾಯಗಾರರು, ಎತ್ತಿದ ಮೇಲೆ ಸಾಲಗಾರರು. ಚೀಟಿ ಮುಗಿದ ದಿನ ಯಾರ ಬಾಕಿಯೂ ಇರುವುದಿಲ್ಲ, ಎತ್ತಿದ ಹಣದಿಂದ ಕೊಂಡ ಹಸು, ಕಟ್ಟಿಸಿದ ಕೋಣೆ ಮಾತ್ರ ಇರುತ್ತದೆ. ಇಥಿಯೋಪಿಯಾದ ಎಕ್ಕುಬ್, ಮೆಕ್ಸಿಕೋದ ತಾಂಡಾ, ಕ್ಯಾಮರೂನಿನ ತೊಂತಿನ್ ಇದೇ ಬಗೆಯ ಕೂಟಗಳು. ಹಾಗಾಗಿ ಕಂತನ್ನು ಬಿಟ್ಟು, ಚೀಟಿ ಎತ್ತಿ ಮಾಡಿದ ಆಸ್ತಿಯನ್ನು ಮಾತ್ರ ಬರೆದುಕೊಳ್ಳುವ ಕ್ರಮವನ್ನು ನಾವು ಇಟ್ಟುಕೊಂಡೆವು. ಚೀಟಿ ನಡೆಯುತ್ತಿರುವಾಗಲೇ ವರ್ಷ ಮುಗಿದರೆ ಈ ಕ್ರಮ ಪೂರ್ತಿ ನ್ಯಾಯ ಒದಗಿಸುವುದಿಲ್ಲ, ಆದರೂ ಒಂದೇ ಹಣವನ್ನು ಎರಡು ಸಲ ಎಣಿಸುವುದಕ್ಕಿಂತ ಇದು ಮೇಲು.

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಕಲಿಸಿದ್ದು ಒಂದೇ ಸರ್ಕಾರಿ ಶಾಲೆಯ ಇಬ್ಬರು ಶಿಕ್ಷಕರ ಸಂಬಳದ ಚೀಟಿಗಳು. ಒಬ್ಬರು ಹಳೆಯ ಪಿಂಚಣಿ ವ್ಯವಸ್ಥೆಗೆ ಸೇರಿದವರು. ಇನ್ನೊಬ್ಬರು 2006ರ ಏಪ್ರಿಲ್ 1ರ ನಂತರ ನೇಮಕಗೊಂಡು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಅಂದರೆ ಎನ್‌ಪಿಎಸ್‌ಗೆ ಒಳಪಟ್ಟವರು. ಎರಡನೆಯವರ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ಪ್ರತಿ ತಿಂಗಳೂ ಕಡಿತವಾಗಿ ಅವರ ಹೆಸರಿನ ಖಾತೆಗೆ ಸೇರುತ್ತದೆ ಮತ್ತು ಅದು ಉಳಿತಾಯವೆಂದು ದಾಖಲಾಗುತ್ತದೆ. ಮೊದಲನೆಯವರ ಮುಪ್ಪಿನ ಹಣ ಮುಂದೆ ಸರ್ಕಾರದ ಬೊಕ್ಕಸದಿಂದ ಬರುವಂಥದ್ದು, ಆದ್ದರಿಂದ ಇಂದಿನ ಉಳಿತಾಯದಲ್ಲಿ ಅದರ ಸುಳಿವೇ ಇಲ್ಲ. ಲೆಕ್ಕ ಮಾತ್ರ ನೋಡಿದವರು ಎರಡನೆಯವರನ್ನು ಹೆಚ್ಚು ಮಿತವ್ಯಯಿ ಎಂದಾರು. ಆದರೆ ಆ ಮನೆಯವರು ತಮ್ಮ ವೃದ್ಧಾಪ್ಯದ ಚಿಂತೆಯನ್ನು ತಾವೇ ಹೊರಬೇಕಾಗಿದೆ, ಅಷ್ಟೇ ವ್ಯತ್ಯಾಸ.

ಸಿಂಗಪುರ ಮತ್ತು ಜರ್ಮನಿಯ ನಡುವಿನ ಅಂತರವೂ ಇದೇ. 1955ರಲ್ಲಿ ಆರಂಭವಾದ ಸಿಂಗಪುರದ ಕೇಂದ್ರ ಭವಿಷ್ಯ ನಿಧಿಗೆ 55 ವರ್ಷದೊಳಗಿನ ನೌಕರರ ವೇತನದಿಂದ ಶೇ 20, ಮಾಲೀಕರಿಂದ ಶೇ 17 ಹೋಗುತ್ತದೆ. ಹಣ ನೌಕರರ ಖಾತೆಯಲ್ಲಿರುವುದರಿಂದ ಅದು ಕುಟುಂಬದ ಉಳಿತಾಯ. ಜರ್ಮನಿಯ ಶಾಸನಬದ್ಧ ಪಿಂಚಣಿಗೆ ಕಟ್ಟುವ ಶೇ 18.6 ಇಂದಿನ ವೃದ್ಧರ ಪಿಂಚಣಿಗೇ ಖರ್ಚಾಗುವುದರಿಂದ ಅದು ಉಳಿತಾಯವಲ್ಲ. ಅದನ್ನು ಕಳೆದ ಮೇಲೆಯೇ ಕುಟುಂಬದ ಆದಾಯದ ಲೆಕ್ಕ ಶುರುವಾಗುತ್ತದೆ. ಇನ್ನು ಜಪಾನ್ 1970ರ ದಶಕದ ನಡುವೆ ಕೈಗೆ ಬಂದ ಆದಾಯದ ಶೇ 20ಕ್ಕಿಂತ ಹೆಚ್ಚು ಉಳಿಸುತ್ತಿತ್ತು, 2014ರ ಹೊತ್ತಿಗೆ ಸೊನ್ನೆಯ ಆಸುಪಾಸಿಗೆ ಬಂತು. ಜನಸಂಖ್ಯೆಯ ಕಾಲು ಭಾಗದಷ್ಟು ಜನ 65 ದಾಟಿ, ಕೂಡಿಟ್ಟದ್ದನ್ನು ತೆಗೆದು ಬದುಕುವ ಕಾಲ ಬಂದದ್ದು ಅದಕ್ಕೆ ದೊಡ್ಡ ಕಾರಣ.

ಈಗ ನಮ್ಮ ಕೋಷ್ಟಕದಲ್ಲಿ ದೇಶಗಳ ಹೆಸರಿನ ಪಕ್ಕದಲ್ಲಿ ಒಂದೇ ಅಂಕಿ ಇರುವುದಿಲ್ಲ. ಮುಪ್ಪು, ಕಾಯಿಲೆ, ಮಕ್ಕಳ ಓದು, ಸೂರು ಎಂಬ ನಾಲ್ಕು ಅಂಕಣಗಳಿದ್ದು, ಪ್ರತಿಯೊಂದರ ವೆಚ್ಚವನ್ನು ಕುಟುಂಬವೇ ಕೂಡಿಡುತ್ತದೆಯೋ ತೆರಿಗೆಯ ಮೂಲಕ ಸರ್ಕಾರ ಭರಿಸುತ್ತದೆಯೋ ಎಂದು ಗುರುತಿಸುತ್ತೇವೆ. ಕಾಯಿಲೆಯ ಅಂಕಣವೇ ಅತ್ಯಂತ ಕಷ್ಟದ್ದು. ಬ್ರಿಟನ್ನಿನಲ್ಲಿ 1948ರಿಂದ ರಾಷ್ಟ್ರೀಯ ಆರೋಗ್ಯ ಸೇವೆ ಇರುವುದರಿಂದ ಅಲ್ಲಿನ ಮನೆಯವರು ಆಸ್ಪತ್ರೆಗೆಂದು ಬೇರೆ ಗಂಟು ಕಟ್ಟಬೇಕಾದ ಪ್ರಸಂಗ ಕಡಿಮೆ. ಇಲ್ಲಿ ಆಯುಷ್ಮಾನ್ ಕಾರ್ಡ್ ಇರುವ ಮನೆಗಳಲ್ಲಿಯೂ ಒಂದೆಳೆ ಸರವನ್ನು ಆಪತ್ತಿಗೆಂದೇ ತೆಗೆದಿಟ್ಟಿರುತ್ತಾರೆ. ಆದ್ದರಿಂದ ನಮ್ಮ ಪ್ರಶ್ನಾವಳಿಗೆ ಹೊಸದೊಂದು ಪ್ರಶ್ನೆಯನ್ನು ಸೇರಿಸಿದ್ದೇವೆ: ಮನೆಯವರು ಹಿಂದಿನ ಸಲ ಆಸ್ಪತ್ರೆಗೆ ಸೇರಿದಾಗ ಹಣ ಕಾರ್ಡಿನಿಂದ ಬಂತೋ, ಸಂಘದ ಸಾಲದಿಂದಲೋ, ಒಡವೆ ಅಡವಿಟ್ಟೋ ಎಂದು.