ಬಿಳಿಯಲ್ಲದ ಮಂಜುಗಡ್ಡೆ: ಹಳೇ ಚಿತ್ರವೊಂದನ್ನು ನಕಲು ಮಾಡಿದ ನನ್ನ ಅನುಭವ

2020ರ ಡಿಸೆಂಬರ್‌ನಲ್ಲಿ ಕೊರೊನಾ ಅಂತ ನೆದರ್‌ಲ್ಯಾಂಡ್ಸ್‌ನ ಮ್ಯೂಸಿಯಂಗಳೆಲ್ಲ ಮತ್ತೆ ಬಾಗಿಲು ಹಾಕಿದವು. ಆಮ್‌ಸ್ಟೆಲ್‌ವೇನ್‌ನ ನಮ್ಮ ಮನೆಯಲ್ಲಿ ಸುಮ್ನೆ ಕೂರೋದು ಬೇಜಾರಾಗಿ, ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿರುವ ಒಂದು ಚಿತ್ರ ನಕಲು ಮಾಡಲು ಹೊರಟೆ. ಡಚ್ ಚಿತ್ರಕಾರ ಹೆಂಡ್ರಿಕ್ ಆವರ್‌ಕಾಂಪ್ 1608ರ ಸುಮಾರಿಗೆ ಬರೆದದ್ದು. ಹೆಪ್ಪುಗಟ್ಟಿದ ನೀರಿನ ಮೇಲೆ ಇಡೀ ಊರೇ ಆಟಕ್ಕಿಳಿದಿದೆ. ಮ್ಯೂಸಿಯಂನವರು ಅದರ ದೊಡ್ಡ ಫೋಟೊ ಪುಕ್ಕಟೆ ಕೊಡುತ್ತಾರೆ. ಅದೇ ನನಗೆ ಗತಿ.

ಆವರ್‌ಕಾಂಪ್‌ಗೆ ಮಾತು ಬರುತ್ತಿರಲಿಲ್ಲ. ಅವನಿದ್ದ ಊರು ಕಾಂಪೆನ್, ಹಾಗಾಗಿ ‘ಕಾಂಪೆನ್ನಿನ ಮೂಗ’ ಅಂತಲೇ ಜನ ಕರೆಯುತ್ತಿದ್ದರಂತೆ. ಚಿತ್ರದಲ್ಲಿ ಮಾತ್ರ ನಮ್ಮೂರ ಜಾತ್ರೆಯಷ್ಟು ಗದ್ದಲ. ಜಾರುವವರು, ಬಿದ್ದವರು, ಕೋಲು ಹಿಡಿದು ಚೆಂಡು ಹೊಡೆಯುವವರು. ಒಂದು ಕಡೆ ಸತ್ತ ಪ್ರಾಣಿಯೂ ಬಿದ್ದಿದೆ, ಆಟದವರಿಗೆ ಅದರ ಗೊಡವೆಯೇ ಇಲ್ಲ. ಎಡಮೂಲೆಯಲ್ಲಿ ಹಳೇ ಬಾಗಿಲೊಂದನ್ನು ಕೋಲಿಗೆ ಆನಿಸಿ ನಿಲ್ಲಿಸಿದ್ದಾರೆ. ಅದು ಹಕ್ಕಿ ಹಿಡಿಯುವ ಉಪಾಯ. ಹಕ್ಕಿ ಕೆಳಗೆ ಬಂದಾಗ ಹಗ್ಗ ಎಳೆದರೆ ಬಾಗಿಲು ದಬಕ್ ಅಂತ ಬೀಳುತ್ತದೆ. ಚಿತ್ರಕಾರ ಬ್ರೂಗೆಲ್‌ನ 1565ರ ಚಳಿಗಾಲದ ಚಿತ್ರದಲ್ಲೂ ಇಂಥದೇ ಇದೆ.

ಮೂಲ ಚಿತ್ರ ಸುಮಾರು 77 ಸೆಂಟಿಮೀಟರ್ ಎತ್ತರ, 132 ಅಗಲ. ಅಷ್ಟು ದೊಡ್ಡದಕ್ಕೆ ನನಗೆ ಧೈರ್ಯ ಬರಲಿಲ್ಲ. ಆ ಬಾಗಿಲು, ಪಕ್ಕದ ಹತ್ತು ಹನ್ನೆರಡು ಜನ, ಇಷ್ಟೇ ಸಾಕು ಅಂತ 30x40 ಸೆಂಟಿಮೀಟರಿನ ಹಲಗೆ ತಂದೆ. ಬಣ್ಣ ಹಿಡಿಯಲೆಂದು ಮೊದಲು ಅದಕ್ಕೆ ಚಾಕ್ ಪುಡಿ, ಅಂಟು ಕಲಸಿ ನಾಲ್ಕು ಸಲ ಬಳಿದೆ. ಪ್ರತಿ ಸಲವೂ ಒಣಗಿಸಿ ಉಜ್ಜಿದೆ. ಮನೆಯೆಲ್ಲ ಬಿಳಿ ಧೂಳು, ಬೈಸಿಕೊಂಡದ್ದೂ ಆಯಿತು.

ಎಡವಿದ್ದು ಮಂಜುಗಡ್ಡೆಯಲ್ಲಿ. ಮಂಜುಗಡ್ಡೆ ಅಂದರೆ ಬಿಳಿ, ನೆರಳಿಗೆ ಸ್ವಲ್ಪ ನೀಲಿ, ಅಲ್ವಾ? ಟೈಟಾನಿಯಂ ಬಿಳಿಗೆ ಅಲ್ಟ್ರಾಮರೀನ್ ನೀಲಿ ಬೆರೆಸಿ ಹಚ್ಚಿದೆ. ನೋಡಿದರೆ ಫ್ರಿಜ್ಜಿನ ಫ್ರೀಜರ್! ಪೂರ್ತಿ ಒರೆಸಿ ಹಾಕಿದೆ. ಆಮೇಲೆ ಒಂದು ಬಿಳಿ ಕಾಗದಕ್ಕೆ ಸಣ್ಣ ತೂತು ಕೊರೆದು, ಫೋಟೊ ಇದ್ದ ಪರದೆಯ ಮೇಲೆ ಇಟ್ಟು ಒಂದೊಂದೇ ಜಾಗ ನೋಡಿದೆ. ಬಿಳಿ ಎಲ್ಲೂ ಇರಲಿಲ್ಲ. ಕಾಫಿ ಬಿದ್ದ ಹಾಲಿನ ಬಣ್ಣ, ಮಾಸಿದ ಪಂಚೆಯ ಬಣ್ಣ, ದೂರ ಹೋದಂತೆ ತೆಳು ಗುಲಾಬಿ. ಬಿಳಿಗೆ ರಾ ಅಂಬರ್ ಅನ್ನೋ ಕಂದು, ಚೂರೇ ಚೂರು ಓಕರ್ ಅನ್ನೋ ಮಣ್ಣುಹಳದಿ ಸೇರಿಸಿದ ಮೇಲೆ ಹಲಗೆಗೆ ಚಳಿ ಬಂತು.

ಜನರನ್ನು ಬರೆಯುವಾಗ ಇನ್ನೊಂದು ತಾಪತ್ರಯ. ಎಲ್ಲರೂ ಬಸ್ಸಿಗೆ ಕಾಯುವವರಂತೆ ನೆಟ್ಟಗೆ ನಿಂತಿದ್ದರು. 2021ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆಗಳು ಹೆಪ್ಪುಗಟ್ಟಿದವು. ನಾನೂ ಪ್ರಿನ್ಸೆನ್‌ಗ್ರಾಕ್ಟ್ ಕಾಲುವೆಯ ದಂಡೆಗೆ ಓಡಿದೆ. ಪಳಗಿದವರು ಸೊಂಟದಿಂದ ಮುಂದಕ್ಕೆ ಬಾಗಿ, ಕೈ ಬೆನ್ನ ಹಿಂದೆ ಕಟ್ಟಿ, ಒಂದೇ ಕಾಲಿನ ಮೇಲೆ ಭಾರ ಹಾಕಿ ಸರಿಯುತ್ತಿದ್ದರು. ಹೊಸಬರು ಕೈ ಚಾಚಿ, ಹಿಂಭಾಗ ಚಾಚಿ, ಬೀಳುವ ಮೊದಲೇ ಬಿದ್ದ ಮುಖ. ಬೆರಳು ಮರಗಟ್ಟುವ ತನಕ ಪೆನ್ಸಿಲ್‌ನಲ್ಲಿ ಗೀಚಿಕೊಂಡೆ. ಮನೆಗೆ ಬಂದು ಭಾರ ಬಿದ್ದ ಕಾಲು ಯಾವುದು ಅಂತ ಮೊದಲು ಗೆರೆ ಎಳೆದು, ಅದರ ಮೇಲೆ ಮೈ ಕೂರಿಸಿದೆ. ಜಾರತೊಡಗಿದರು.

ಜೂನ್‌ನಲ್ಲಿ ಮ್ಯೂಸಿಯಂ ತೆರೆದಾಗ 5ನೇ ನಂಬರ್ ಟ್ರಾಮ್ ಹಿಡಿದು ಹೋದೆ. ಫೋಟೊಗಿಂತ ಚಿತ್ರ ಬೆಚ್ಚಗಿತ್ತು. ಮೂಗು ತಾಗುವಷ್ಟು ಹತ್ತಿರ ಹೋಗಲು ಬಿಡಲ್ಲ, ಆದರೂ ಕಂಡಿತು: ದೂರದ ಸಣ್ಣ ಜನರು ಎಷ್ಟು ತೆಳುವೆಂದರೆ, ಹಿಂದಿನ ಮಂಜುಗಡ್ಡೆ ಅವರ ಮೈಯೊಳಗಿಂದ ಇಣುಕುತ್ತಿತ್ತು. ಎಣ್ಣೆಬಣ್ಣ ಹಳೆಯದಾದಂತೆ ಪಾರದರ್ಶಕವಾಗುತ್ತೆ, ಅದು ಸರಿ. ಆದರೆ ಆವರ್‌ಕಾಂಪ್ ಮೊದಲು ಮಂಜುಗಡ್ಡೆ ಪೂರ್ತಿ ಬಳಿದು, ಜನರನ್ನು ಆಮೇಲೆ ಅದರ ಮೇಲೆ ಇಳಿಸಿದ್ದಾನೆ. ನಾನು ಜನರ ಸುತ್ತ ಮಂಜುಗಡ್ಡೆ ಬಳಿದಿದ್ದೆ. ಅದಕ್ಕೇ ನನ್ನವರು ಸ್ಟಿಕ್ಕರ್ ಅಂಟಿಸಿದಂತೆ ಕಾಣುತ್ತಿದ್ದದ್ದು.

ಮನೆಗೆ ಬರುವಾಗ ಇನ್ನೊಂದು ಹಲಗೆ ತಂದೆ. ಚಾಕ್ ಪುಡಿ ಇನ್ನೂ ಅರ್ಧ ಡಬ್ಬ ಇತ್ತು.